ಕೋವಿ ಸದ್ದು ಕಮ್ಮಿ ಮಾಡೋದು ಹೇಗೆ? ತೆರಕಣಾಂಬಿಯಿಂದ ಒಂದು ಉತ್ತರ

ತೆರಕಣಾಂಬಿಯಿಂದ ಮಾತಾಡ್ತಾ ಇದ್ದೀನಿ. ಇವತ್ತು ಮಧ್ಯದಲ್ಲಿ ಟ್ರ್ಯಾಕ್ಟರ್ ಸದ್ದೋ ನಾಯಿ ಬೊಗಳೋದೋ ಕೇಳಿಸಿದ್ರೆ ಬೇಜಾರು ಮಾಡ್ಕೋಬೇಡಿ, ಯಾಕಂದ್ರೆ ಇವತ್ತಿನ ವಿಷಯವೇ ಸದ್ದು.

ಕಳೆದ ಎರಡು ತಿಂಗಳಲ್ಲಿ ಬಂದ ವಾಯ್ಸ್ ನೋಟ್‌ಗಳಲ್ಲಿ ಒಂದೇ ಪ್ರಶ್ನೆ ಮೂರು ಸಲ ಬಂದಿದೆ. ಮೂರೂ ಹುಡುಗರ ದನಿ. ಒಬ್ಬನ ಮಾತು ಹೀಗಿತ್ತು: "ಅಣ್ಣ, ಸೈಲೆನ್ಸರ್ ಇಲ್ದೆ ಕೋವಿ ಸದ್ದ ಕಮ್ಮಿ ಮಾಡಕ್ಕಾಯ್ತದ? ದೊಡ್ ಬ್ಯಾಟೆ ಅಲ್ಲ, ಮೊಲಕ್ಕೆ ಅಷ್ಟೆ." ಇದು ಎಲ್ಲಿಂದ ಬಂತು ಅಂತ ಗೊತ್ತು. ಯೂಟ್ಯೂಬಲ್ಲಿ ಅಮೆರಿಕದ ವಿಡಿಯೊಗಳು ಓಡ್ತವೆ. ಅಲ್ಲೊಬ್ಬ ಟೋಪಿ ಹಾಕ್ಕೊಂಡು ಅಳಿಲು, ಮೊಲ ಹೊಡೀತಾನೆ, ಸದ್ದು ಹೇಗೆ ಕಮ್ಮಿ ಮಾಡಿದೆ ಅಂತ ಹೇಳ್ತಾನೆ. ನಮ್ಮ ಹುಡುಗರು ಬಸ್‌ಸ್ಟ್ಯಾಂಡಲ್ಲಿ ಕೂತು ನೋಡ್ತಾರೆ.

ಈ ಪ್ರಶ್ನೆಗೆ ಬೈದು ಕಳಿಸಬಹುದಿತ್ತು. ಹಾಗೆ ಮಾಡಲ್ಲ. ಪ್ರಶ್ನೆಯನ್ನೇ ಸ್ವಲ್ಪ ಬಿಡಿಸಿ ನೋಡೋಣ, ಯಾಕಂದ್ರೆ ಅದರೊಳಗೆ ನಮ್ಮ ತಾಲ್ಲೂಕಿನ ಅರ್ಧ ಕತೆ ಇದೆ.

ಮೊದಲು, ಸದ್ದು ಎಲ್ಲಿಂದ ಬರುತ್ತೆ. ನಾನು ಬಿ.ಕಾಂ. ಮಾಡಿದವನು, ಫಿಸಿಕ್ಸ್ ನನ್ನ ಸಬ್ಜೆಕ್ಟ್ ಅಲ್ಲ, ಆದ್ರೆ ಇಷ್ಟು ಅರ್ಥ ಮಾಡ್ಕೊಳ್ಳೋಕೆ ಫಿಸಿಕ್ಸ್ ಮೇಷ್ಟ್ರು ಬೇಕಾಗಿಲ್ಲ. ಕೋವಿಯೊಳಗೆ ಮದ್ದು ಉರಿದು ಒಂದೇ ಕ್ಷಣದಲ್ಲಿ ಗಾಳಿ ಆಗುತ್ತೆ. ಆ ಬಿಸಿ ಗಾಳಿ ಭಾರಿ ಒತ್ತಡದಲ್ಲಿ ಗುಂಡನ್ನು ತಳ್ಕೊಂಡು ಬಂದು ನಳಿಗೆ ಬಾಯಲ್ಲಿ ಹೊರಗಿನ ಗಾಳಿಗೆ ಬಡಿಯುತ್ತೆ. ಲಾರಿ ಟೈರು ಸಿಡಿದಾಗ ಆಗೋದೂ ಇದೇ. ಇದು ಮೊದಲನೇ ಸದ್ದು. ಎರಡನೇದು ಗುಂಡಿನದೇ ಸದ್ದು. ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ. ರೈಫಲ್ ಗುಂಡು ಅದಕ್ಕಿಂತ ಜೋರಾಗಿ ಹೋದ್ರೆ, ಹೋಗೋ ದಾರಿಯುದ್ದಕ್ಕೂ ಚಾಟಿ ಬೀಸಿದ ಹಾಗೆ ಚಟ್ ಅನ್ನುತ್ತೆ. ಈ ಎರಡನೇ ಸದ್ದನ್ನ ಯಾವ ಸೈಲೆನ್ಸರ್ರೂ ಮುಟ್ಟೋಕಾಗಲ್ಲ, ಯಾಕಂದ್ರೆ ಅದು ನಳಿಗೆ ಬಿಟ್ಟು ಆಚೆ ಹೋದ ಮೇಲೆ ಹುಟ್ಟೋ ಸದ್ದು.

ಸಿನಿಮಾದಲ್ಲಿ ವಿಲನ್ ಸೈಲೆನ್ಸರ್ ಹಾಕಿ ಹೊಡೆದಾಗ 'ಪುಸ್' ಅಂತ ಬರುತ್ತಲ್ಲ, ಅದು ಸೌಂಡ್ ಇಂಜಿನಿಯರ್ ಕೆಲಸ. ನಿಜವಾದ ಸೈಲೆನ್ಸರ್ ಕಮ್ಮಿ ಮಾಡೋದು 20-30 ಡೆಸಿಬಲ್ ಅಷ್ಟೆ. 160 ಇದ್ದದ್ದು 130 ಆದ್ರೂ ಅದು ಕಿವಿಗೆ ಪಟಾಕಿನೇ. ಅದೂ ನಮ್ಮ ದೇಶದಲ್ಲಿ ಕೋವಿಯ ಸದ್ದು ಅಡಗಿಸೋ ಸಾಮಾನು ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಿಷಿದ್ಧ ವರ್ಗದಲ್ಲಿದೆ. ನಿಮಗೂ ನನಗೂ ಅದರ ಲೈಸೆನ್ಸ್ ಸಿಗಲ್ಲ.

ಹಾಗಾದ್ರೆ ವಿಡಿಯೊದಲ್ಲಿ ಆ ಟೋಪಿಯವನು ಏನು ಮಾಡ್ತಾನೆ? ಅವನು ಸಣ್ಣ ತೋಟಾ ಬಳಸ್ತಾನೆ, ಸದ್ದಿನ ವೇಗಕ್ಕಿಂತ ನಿಧಾನ ಹೋಗೋ ಫ್ಯಾಕ್ಟರಿ ತೋಟಾ ಅಂಗಡಿಯಲ್ಲಿ ಕೊಳ್ತಾನೆ, ಇಲ್ಲಾಂದ್ರೆ ಏರ್ ರೈಫಲ್ ತಗೋತಾನೆ. ಅಷ್ಟೆ. ಅವನಿಗೆ ಸರ್ಕಾರ ಕೊಟ್ಟ ಬೇಟೆ ಪರ್ಮಿಟ್ ಇದೆ, ಬೇಟೆಗೆ ಸೀಸನ್ ಇದೆ, ದಿನಕ್ಕೆ ಇಷ್ಟು ಅಂತ ಲೆಕ್ಕ ಇದೆ. ಸದ್ದು ಯಾಕೆ ಕಮ್ಮಿ ಬೇಕು ಅಂದ್ರೆ ಕಿವಿ ಉಳೀಲಿ, ಪಕ್ಕದ ಮನೆಯವರು ಬೈಯದೆ ಇರಲಿ, ಎರಡನೇ ಅಳಿಲು ಓಡಿಹೋಗದೆ ಇರಲಿ ಅಂತ. ನಮ್ಮ ಹುಡುಗನಿಗೆ ಯಾಕೆ ಕಮ್ಮಿ ಬೇಕು? ಫಾರೆಸ್ಟ್‌ನವರಿಗೆ ಕೇಳಬಾರದು ಅಂತ. ಪ್ರಶ್ನೆ ಒಂದೇ ತರ ಕೇಳಿಸುತ್ತೆ, ಆದ್ರೆ ಒಂದೇ ಪ್ರಶ್ನೆ ಅಲ್ಲ.

ನಮ್ಮ ಕಡೆ ರೈಫಲ್ ಇರೋರು ಬೆರಳೆಣಿಕೆ. ಇರೋದು ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರೋ ಒಂಟಿ ನಳಿಗೆ, ಜೋಡಿ ನಳಿಗೆ, ಮತ್ತೆ ಬಾಯಿಂದ ಮದ್ದು ತುಂಬೋ ಹಳೇ ನಾಡಕೋವಿ. ಎಲೆಕ್ಷನ್ ಬಂದ್ರೆ ಠಾಣೆಗೆ ತಗೊಂಡು ಹೋಗಿ ಇಟ್ಟು ರಸೀದಿ ಇಸ್ಕೊಂಡು ಬರ್ತಾರಲ್ಲ, ಆ ಕೋವಿಗಳು. ಇವಕ್ಕೆ ನಿಧಾನದ ತೋಟಾ ಅನ್ನೋ ಮಾತೇ ಹೊಂದಲ್ಲ. ಮದ್ದಿನ ಅಳತೆ ಮನಸ್ಸಿಗೆ ಬಂದ ಹಾಗೆ ಬದಲಾಯಿಸೋದು, ನಳಿಗೆ ಬಾಯಿಗೆ ಪೈಪು, ಡಬ್ಬ ಕಟ್ಟೋದು ಇವೆಲ್ಲ ಮಾಡಿದ್ರೆ ಸದ್ದು ಅಡಗಲ್ಲ, ನಳಿಗೆ ಸಿಡಿಯುತ್ತೆ. ಸಿಡಿದಾಗ ಅದರ ಹತ್ತಿರ ಇರೋದು ಮೊಲ ಅಲ್ಲ, ನಿಮ್ಮ ಮುಖ ಮತ್ತು ಎಡಗೈ.

ಈಗ ನನಗೆ ಇಷ್ಟವಾದ ಭಾಗ, ಲೆಕ್ಕ.

ಡೆಸಿಬಲ್ ಅನ್ನೋದು ಕೆ.ಜಿ., ಲೀಟರ್ ತರ ಅಲ್ಲ. ಚಕ್ರಬಡ್ಡಿ ತರ. 10 ಹೆಚ್ಚಾದ್ರೆ ಸದ್ದಿನ ಶಕ್ತಿ ಹತ್ತು ಪಟ್ಟು. 20 ಹೆಚ್ಚಾದ್ರೆ ನೂರು ಪಟ್ಟು. 12 ಬೋರ್ ಕೋವಿ ಹತ್ತಿರದಲ್ಲಿ 150 ಡೆಸಿಬಲ್ ದಾಟುತ್ತೆ. ದೂರ ಎರಡು ಪಟ್ಟಾದಾಗಲೆಲ್ಲ 6 ಡೆಸಿಬಲ್ ಕಳೀಬೇಕು. ಒಂದು ಮೀಟರಿಂದ ಒಂದು ಕಿಲೋಮೀಟರಿಗೆ ಹೋಗೋಕೆ ಹತ್ತು ಸಲ ಎರಡು ಪಟ್ಟು ಮಾಡಬೇಕು, ಅಂದ್ರೆ 60 ಕಳೆದು 90 ಉಳಿಯುತ್ತೆ. ನಾಲ್ಕು ಕಿಲೋಮೀಟರಲ್ಲಿ 78. ಇದು ಬರೀ ಕಾಗದದ ಲೆಕ್ಕ. ಮರ, ಗಿಡ, ಗಾಳಿ ಎಲ್ಲ ಸೇರಿ ಇನ್ನೂ ಇಪ್ಪತ್ತೋ ಮೂವತ್ತೋ ತಿಂದುಹಾಕ್ತವೆ ಅಂತ ಇಟ್ಕೊಳ್ಳಿ. ಆದ್ರೂ ರಾತ್ರಿ ಹೊತ್ತಲ್ಲಿ ಹಳ್ಳಿಯ ಸದ್ದು ಇರೋದೇ ಮೂವತ್ತು ನಲವತ್ತು. ಕೇಳೇ ಕೇಳುತ್ತೆ.

ಒಳ್ಳೇದು, ಯಾರೋ ಏನೋ ಮಾಡಿ ಹತ್ತು ಡೆಸಿಬಲ್ ಕಮ್ಮಿ ಮಾಡಿದ ಅನ್ನಿ. ಆಗ ಸದ್ದು ಕೇಳೋ ದೂರ ಸುಮಾರು ಮೂರನೇ ಒಂದು ಭಾಗ ಆಗುತ್ತೆ. ನಾಲ್ಕು ಕಿಲೋಮೀಟರ್ ಇದ್ದದ್ದು ಒಂದೂಕಾಲು ಕಿಲೋಮೀಟರ್. ನಮ್ಮ ಹೊಲಗಳಿಂದ ಒಂದೂಕಾಲು ಕಿಲೋಮೀಟರಲ್ಲಿ ಊರಿಲ್ಲದ ಜಾಗ ಎಲ್ಲಿದೆ ತೋರಿಸಿ ನೋಡೋಣ.

ಮತ್ತೆ ಇನ್ನೊಂದು. ಚಳಿಗಾಲದ ರಾತ್ರಿ ನೆಲದ ಹತ್ತಿರ ಗಾಳಿ ತಣ್ಣಗಿರುತ್ತೆ, ಮೇಲಿನದು ಬೆಚ್ಚಗಿರುತ್ತೆ. ಸದ್ದು ಮೇಲಕ್ಕೆ ಹೋಗಿ ಚದುರೋ ಬದಲು ಬಗ್ಗಿ ಮತ್ತೆ ನೆಲಕ್ಕೇ ಇಳಿಯುತ್ತೆ. ಅದಕ್ಕೇ ಹುಲುಗನ ಮರಡಿ ಬೆಟ್ಟದ ಪೂಜೆಯ ಮೈಕು ಹಗಲಲ್ಲಿ ಕೇಳದಷ್ಟು ದೂರಕ್ಕೆ ಬೆಳಗಿನ ಜಾವ ಕೇಳೋದು. ಬೇಟೆಗೆ ಹೋಗೋರು ಆರಿಸ್ಕೊಳ್ಳೋ ಹೊತ್ತೂ ಅದೇ. ಬಂಡೀಪುರದ ಎರಡು ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರ ತನಕ ಸಂಚಾರ ಬಂದ್. ಆ ನಿಷೇಧದ ಬಗ್ಗೆ ಕೇರಳದವರ ವಾದ ಬೇರೆ, ನಮ್ಮವರದು ಬೇರೆ, ಅದು ಇನ್ನೊಂದು ದಿನಕ್ಕೆ ಇರಲಿ. ಆದ್ರೆ ಅದರಿಂದ ಆದ ಒಂದು ವಿಷಯ: ಆ ಕಾಡು ರಾತ್ರಿ ನಿಜವಾಗಲೂ ಮೌನವಾಗಿರುತ್ತೆ. ಮೌನ ಇದ್ದ ಕಡೆ ಒಂದು ಈಡು ಎಷ್ಟು ದೂರ ಹೋಗುತ್ತೆ ಅಂತ ಕಳ್ಳಬೇಟೆ ತಡೆ ಶಿಬಿರದಲ್ಲಿ ಮಲಗೋರನ್ನ ಕೇಳಿ.

ನನಗೆ ಪರಿಚಯದ ಒಬ್ಬ ವಾಚರ್ ಇದ್ದಾರೆ, ಗುತ್ತಿಗೆ ಕೆಲಸ, ಹತ್ತು ವರ್ಷದ ಮೇಲಾಯ್ತು. ಕೇಳಿದೆ, ಪಟಾಕಿ ಯಾವುದು, ಕ್ವಾರಿ ಬ್ಲಾಸ್ಟ್ ಯಾವುದು, ಕೋವಿ ಯಾವುದು ಅಂತ ಹೇಗೆ ಗೊತ್ತಾಗುತ್ತೆ ಅಂತ. ನಕ್ಕರು. "ಕ್ವಾರಿದು ಕಾಲಿಗ್ ಗೊತ್ತಾಯ್ತದ ಕಣಪ್ಪ, ನೆಲ ಅದುರ್ತದ. ಪಟಾಕಿ ಒಂದಾದ್ ಮ್ಯಾಲ ಇನ್ನೊಂದು ಬತ್ತದ, ಜನ ಕೂಗ್ತರ. ಕೋವಿದು ಒಂದೇ ಒಂದು. ಆಮ್ಯಾಕ ಯಾರೂ ಕೂಗಲ್ಲ." ಕೊನೇ ಮಾತು ನೋಡಿ. ಹಂದಿ ಓಡಿಸೋಕೆ ಪಟಾಕಿ ಹೊಡೆದವನು ಕೂಗು ಹಾಕ್ತಾನೆ, ತಗಡು ಬಡೀತಾನೆ. ಕದ್ದು ಹೊಡೆದವನು ಸುಮ್ಮನಿರ್ತಾನೆ. ಅವರು ಕೇಳಿಸ್ಕೊಳ್ಳೋದು ಸದ್ದಿನ ಹಿಂದೆ ಬರೋ ಮೌನವನ್ನ. ಅದನ್ನ ಕಮ್ಮಿ ಮಾಡೋಕೆ ಯಾವ ಸಾಮಾನಿದೆ?

ಈ ಕೇಳಿಸ್ಕೊಳ್ಳೋ ಕೆಲಸಕ್ಕೆ ಈಗ ಯಂತ್ರಗಳೂ ಬಂದಿವೆ. ಆಫ್ರಿಕಾದ ಕ್ಯಾಮರೂನಿನ ಕೊರುಪ್ ರಾಷ್ಟ್ರೀಯ ಉದ್ಯಾನದಲ್ಲಿ ಮರಗಳಿಗೆ ರೆಕಾರ್ಡರ್ ಕಟ್ಟಿ ವರ್ಷಗಟ್ಟಲೆ ಕೋವಿ ಸದ್ದು ದಾಖಲಿಸಿದ್ದಾರೆ. ಯಾವ ವಾರ, ಯಾವ ಹೊತ್ತಲ್ಲಿ ಜಾಸ್ತಿ ಅಂತ ಅದರಿಂದ ತಿಳಿಯುತ್ತೆ.

ಕಾನೂನು ಏನು ಹೇಳುತ್ತೆ ಅಂತ ಬೇಗ ಮುಗಿಸ್ತೀನಿ, ಯಾಕಂದ್ರೆ ಇಲ್ಲೇ ಹುಡುಗರಿಗೆ ತಪ್ಪು ತಿಳುವಳಿಕೆ ಜಾಸ್ತಿ. "ಮೊಲ ಏನು ಹುಲಿಯಾ?" ಅಂತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿ ಮೊಲವೂ ಇದೆ, ಕಾಡುಹಂದಿಯೂ ಇದೆ. ಮೊದಲು ಐದನೇ ಪಟ್ಟಿ ಅಂತ ಒಂದಿತ್ತು, ಅದರಲ್ಲಿ ಕಾಗೆ, ಇಲಿ, ಹಣ್ಣು ತಿನ್ನೋ ಬಾವಲಿ ಇದ್ದವು, ಅವನ್ನ ಹೊಡೆದ್ರೆ ಕೇಸಿಲ್ಲ. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯೇ ಹೋಯ್ತು. ಮೊಲ ಅದರಲ್ಲಿ ಯಾವತ್ತೂ ಇರಲಿಲ್ಲ. ಸಣ್ಣ ಬೇಟೆ, ದೊಡ್ಡ ಬೇಟೆ ಅನ್ನೋದು ನಮ್ಮ ಬಾಯಿಮಾತು, ಮಹಾರಾಜರ ಕಾಲದ್ದು. ಬಂಡೀಪುರವೇ ಆಗ ಅರಸರ ಬೇಟೆ ಕಾಡು. ಕೆನೆತ್ ಆಂಡರ್ಸನ್ ಪುಸ್ತಕಗಳನ್ನ ತೇಜಸ್ವಿಯವರ ಕನ್ನಡದಲ್ಲಿ ಓದಿ ಬೆಳೆದವರಿಗೆ ಕೋವಿ ಹಿಡಿದು ಕಾಡಿಗೆ ಹೋಗೋದು ಒಂದು ರೋಮಾಂಚನ. ನನಗೂ ಇತ್ತು, ಈಗಲೂ ಓದಿದ್ರೆ ಮೈ ಜುಂ ಅನ್ನುತ್ತೆ. ಆದ್ರೆ ಆ ಕಾಲ ಅಲ್ಲ ಇದು.

ನಾನು ಕಾಮರ್ಸ್ ಓದಿದವನಾದ್ದರಿಂದ ಇದನ್ನ ಖಾತೆ ತರ ಬರೆದುಬಿಡ್ತೀನಿ. ಜಮಾ ಕಡೆ: ಒಂದು ಮೊಲ. ಎಲುಬು ಬಿಟ್ಟರೆ ಒಂದು ಹೊತ್ತಿನ ಸಾರಿಗೆ ಆಗೋ ಮಾಂಸ. ಗೌಜಲಹಕ್ಕಿ, ಬೆಳವ ಆದ್ರೆ ಅದೂ ಇಲ್ಲ. ಖರ್ಚಿನ ಕಡೆ: ಮೂರು ವರ್ಷದ ತನಕ ಜೈಲು, ಇಲ್ಲವೇ ಒಂದು ಲಕ್ಷದ ತನಕ ದಂಡ, ಇಲ್ಲವೇ ಎರಡೂ. ಅದೇ ಕೆಲಸ ಅಭಯಾರಣ್ಯದ ಒಳಗಾದ್ರೆ ಕನಿಷ್ಠ ಮೂರು ವರ್ಷ, ಏಳರ ತನಕ ಹೋಗಬಹುದು, ದಂಡ 25,000ಕ್ಕೆ ಕಮ್ಮಿ ಇಲ್ಲ. ಕೋವಿ ಹೋಗುತ್ತೆ, ಲೈಸೆನ್ಸ್ ಹೋಗುತ್ತೆ. ಲೈಸೆನ್ಸ್ ಅಪ್ಪಂದು, ಕೋವಿ ಹಿಡಿದದ್ದು ಮಗ ಅಂದ್ರೆ ಇಬ್ಬರ ಮೇಲೂ ಕೇಸು. ಹೋಗಿದ್ದ ಬೈಕು, ಅದರ ಇಎಂಐ ಇನ್ನೂ ಮುಗಿದಿಲ್ಲ, ಅದನ್ನೂ ಹಿಡಿದು ಸರ್ಕಾರದ ಆಸ್ತಿ ಮಾಡ್ಕೊಳ್ಳೋಕೆ ಕಾಯ್ದೆಯಲ್ಲೇ ಅವಕಾಶ ಇದೆ. ವಕೀಲರ ಫೀಸು, ಗುಂಡ್ಲುಪೇಟೆ ಕೋರ್ಟಿಗೆ ತಿಂಗಳು ತಿಂಗಳು ಹೋಗಿಬರೋ ಕೂಲಿ ನಷ್ಟ. ಪೊಲೀಸ್, ಆರ್ಮಿ ಸೆಲೆಕ್ಷನ್‌ಗೆ ಓಡ್ತಾ ಇದ್ದವನಾದ್ರೆ ಅಲ್ಲಿಗೆ ಆ ಕನಸೂ ಮುಗೀತು. ಈ ಬ್ಯಾಲೆನ್ಸ್ ಶೀಟು ಯಾವ ಆಡಿಟರ್ ಪಾಸ್ ಮಾಡ್ತಾನೆ?

ಇದಕ್ಕಿಂತ ದೊಡ್ಡದೂ ಇದೆ. 2023ರ ನವೆಂಬರಿನಲ್ಲಿ ಬಂಡೀಪುರದ ಮದ್ದೂರು ವಲಯದಲ್ಲಿ ರಾತ್ರಿ ಕಳ್ಳಬೇಟೆಗೆ ಹೋದ ಗುಂಪಿಗೂ ಅರಣ್ಯ ಸಿಬ್ಬಂದಿಗೂ ಗುಂಡಿನ ಚಕಮಕಿ ಆಯ್ತು. ನಮ್ಮ ತಾಲ್ಲೂಕಿನದೇ ಒಬ್ಬ ಯುವಕ ಸತ್ತ. ನನ್ನ ವಯಸ್ಸಿನ ಆಸುಪಾಸು. ಆ ಘಟನೆ ಬಗ್ಗೆ ಊರಲ್ಲಿ ಹತ್ತು ತರ ಮಾತಿದೆ, ಅದನ್ನೆಲ್ಲ ಇಲ್ಲಿ ಎತ್ತಲ್ಲ. ಕತ್ತಲಲ್ಲಿ ಕೋವಿ ಹಿಡಿದ ಎರಡು ಗುಂಪು ಎದುರಾದಾಗ ಯಾರು ಮೊದಲು, ಯಾರು ಆಮೇಲೆ ಅನ್ನೋದು ಬೆಳಗಾದ ಮೇಲಿನ ಚರ್ಚೆ.

ಈಗ ಹುಡುಗರ ಎರಡನೇ ಪ್ರಶ್ನೆ ಬರುತ್ತೆ. "ಹಂಗಾದ್ರೆ ಏರ್ ಗನ್ ಅಣ್ಣ? ಅದುಕ್ ಲೈಸೆನ್ಸ್ ಬ್ಯಾಡ." ಅರ್ಧ ನಿಜ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 0.177 ಬೋರ್ ಒಳಗಿನ, 20 ಜೂಲ್ ಮೀರದ ಏರ್ ಗನ್ ಇಟ್ಕೊಳ್ಳೋಕೆ ಲೈಸೆನ್ಸ್ ಬೇಡ. ಅದರಲ್ಲಿ ಹಕ್ಕಿ ಹೊಡೆಯೋಕೆ ಯಾರೂ ಅನುಮತಿ ಕೊಟ್ಟಿಲ್ಲ. ಕಾಯ್ದೆಗೆ ಬೇಟೆ ಅಂದ್ರೆ ಬೇಟೆ, ಕೋವಿಯಲ್ಲಾದ್ರೂ ಅಷ್ಟೆ, ಚಾಟಿಬಿಲ್ಲಲ್ಲಾದ್ರೂ ಅಷ್ಟೆ, ಬಲೆಯಲ್ಲಾದ್ರೂ ಅಷ್ಟೆ. ಅರುಣಾಚಲ ಪ್ರದೇಶದಲ್ಲಿ ಮನೆಮನೆಯಲ್ಲೂ ಏರ್ ಗನ್ ಇತ್ತು, ಕಾಡಲ್ಲಿ ಹಕ್ಕಿ ಕೂಗೇ ಕಮ್ಮಿಯಾಯ್ತು ಅಂತ 2021ರಲ್ಲಿ ಅಲ್ಲಿನ ಸರ್ಕಾರ ಏರ್ ಗನ್ ಒಪ್ಪಿಸಿ ಅನ್ನೋ ಅಭಿಯಾನ ಶುರು ಮಾಡ್ತು. ಜನ ತಾವಾಗೇ ಬಂದು ಎರಡು ಸಾವಿರಕ್ಕೂ ಹೆಚ್ಚು ಗನ್ ಒಪ್ಪಿಸಿದ್ರು. ಸದ್ದಿಲ್ಲದ ಕೋವಿ ಮಾಡೋ ಕೆಲಸ ಅದು. ಸದ್ದಾಗೋ ಕೋವಿ ಒಂದು ಹಕ್ಕಿ ಹೊಡೆದು ನೂರು ಹಕ್ಕಿ ಓಡಿಸುತ್ತೆ. ಸದ್ದಿಲ್ಲದ್ದು ಒಂದೊಂದಾಗಿ ಎಲ್ಲವನ್ನೂ ಮುಗಿಸುತ್ತೆ.

ಇಲ್ಲಿ ನನ್ನ ನಿಜವಾದ ಭಯ ಹೇಳಿಬಿಡ್ತೀನಿ. ನಮ್ಮ ಜಿಲ್ಲೆಯಲ್ಲಿ ಸದ್ದಿಲ್ಲದ ಬೇಟೆಗೆ ರೈಫಲ್ ಬೇಕಾಗೇ ಇಲ್ಲ. ಉರುಳು ಇದೆ. ಬೇಲಿಗೆ ಕದ್ದು ಕೊಡೋ ಕರೆಂಟ್ ಇದೆ. ವಿಷ ಇದೆ. ಮೊಲಕ್ಕೆ ಅಂತ ಇಟ್ಟ ಉರುಳಿಗೆ ಯಾವ ಕಾಲು ಬಂತು ಅಂತ ಗೊತ್ತಾಗಲ್ಲ, ಚಿರತೆಯೂ ಬೀಳುತ್ತೆ, ಪಕ್ಕದ ಮನೆಯ ನಾಯಿಯೂ ಬೀಳುತ್ತೆ. ಕರೆಂಟ್ ಬೇಲಿಗೆ ಆನೆ ಸಿಕ್ಕ ಸುದ್ದಿ ಓದ್ತೀವಿ, ನೀರು ಕಟ್ಟೋಕೆ ಹೋದ ಮನುಷ್ಯ ಸಿಕ್ಕ ಸುದ್ದಿಯನ್ನೂ ಓದ್ತೀವಿ. 2025ರ ಜೂನ್ ಕೊನೆಯಲ್ಲಿ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿ, ಒಟ್ಟು ಐದು ಹುಲಿ ಸತ್ತವು. ಸತ್ತ ಹಸುವಿಗೆ ವಿಷ ಹಾಕಿದ್ರು. ಹಸು ಕಳ್ಕೊಂಡವರ ಸಿಟ್ಟು ನನಗೆ ಅರ್ಥ ಆಗುತ್ತೆ, ಒಂದು ಹಸು ಅಂದ್ರೆ ಒಂದು ಮನೆಯ ಡೈರಿ ಬಿಲ್ಲು. ಆದ್ರೆ ಐದು ಹುಲಿ ಒಂದೇ ಕಡೆ ಸತ್ತು ಬಿದ್ದಾಗ ಯಾರಿಗೂ ಒಂದು ಸದ್ದೂ ಕೇಳಿರಲಿಲ್ಲ.

ಸಿಡಿಮದ್ದಿನ ಕತೆ ಗೊತ್ತಲ್ಲ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗಬ್ಬದ ಆನೆಯೊಂದು ಬಾಯಲ್ಲಿ ಸಿಡಿಮದ್ದು ಸಿಡಿದು ನೋವು ತಾಳದೆ ಹೊಳೆಯಲ್ಲಿ ನಿಂತೇ ಸತ್ತದ್ದು. ಹಂದಿಗೆ ಅಂತ ಇಟ್ಟದ್ದಕ್ಕೆ ಆನೆ ಬಾಯಿ ಹಾಕುತ್ತೆ, ನಮ್ಮ ಕಡೆ ಮೇಯೋಕೆ ಬಿಟ್ಟ ಎಮ್ಮೆಯೂ ಹಾಕುತ್ತೆ.

ಸರಿ, ಬೆಳೆಯ ಮಾತಿಗೆ ಬರೋಣ. ಅದನ್ನ ಬಿಟ್ಟು ಬರೀ ಕಾಡಿನ ಮಾತಾಡಿದ್ರೆ ನಮ್ಮೂರಲ್ಲಿ ಯಾರೂ ಕೇಳಲ್ಲ, ಕೇಳಬಾರದು ಕೂಡ. ಜೋಳ ತೆನೆ ಕಟ್ಟೋ ಹೊತ್ತಿಗೆ, ಕಡ್ಲೆಕಾಯಿ ಬಲಿಯೋ ಹೊತ್ತಿಗೆ ಹಂದಿ ಇಳಿದ್ರೆ ಒಂದು ರಾತ್ರಿಗೆ ಅರ್ಧ ಎಕರೆ ಉತ್ತ ಹಾಗೆ ಆಗುತ್ತೆ. ತಿನ್ನೋದಕ್ಕಿಂತ ತುಳಿಯೋದು ಜಾಸ್ತಿ. ಅರಿಶಿನವನ್ನ ತಿನ್ನಲ್ಲ, ಆದ್ರೆ ಎರೆಹುಳಕ್ಕೆ ಅಂತ ಸಾಲು ಕೆದಕಿ ಹಾಕ್ತವೆ. ನಮ್ಮ ಪಕ್ಕದ ವಯನಾಡಲ್ಲಿ ಕತೆ ಬೇರೆ. ಕೇರಳ ಸರ್ಕಾರ 2022ರಲ್ಲಿ ಪಂಚಾಯ್ತಿ ಅಧ್ಯಕ್ಷರಿಗೇ ಅಧಿಕಾರ ಕೊಟ್ಟು, ಬೆಳೆ ಹಾಳು ಮಾಡೋ ಹಂದಿಯನ್ನ ಲೈಸೆನ್ಸ್ ಇರೋ ಶೂಟರ್ ಕೈಲಿ ಹೊಡೆಸಬಹುದು ಅಂತ ಮಾಡ್ತು. "ಗಡಿ ದಾಟುದ್ರ ಹಂದಿ ಬ್ಯಾರೆ ಆಯ್ತದ?" ಅಂತ ನಮ್ಮ ದೊಡ್ಡಪ್ಪ ಒಬ್ಬರು ಕೇಳಿದ್ರು. ಪ್ರಶ್ನೆ ನ್ಯಾಯವಾಗಿದೆ. ಆದ್ರೆ ಒಂದು ಗಮನಿಸಿ, ಅಲ್ಲೂ ಅದು ಹಗಲಿನಷ್ಟೇ ಬಯಲಾಗಿ ನಡೆಯೋ ಕೆಲಸ. ಆರ್ಡರ್ ಇರುತ್ತೆ, ಹೊಡೆದ ಲೆಕ್ಕ ಇರುತ್ತೆ, ಹೆಣ ಹೂಳೋಕೆ ಕ್ರಮ ಇರುತ್ತೆ. ಯಾರಿಗೂ ಕೇಳಬಾರದು ಅಂತ ಮಾಡೋದಲ್ಲ. ನಮಗೂ ಅಂಥ ದಾರಿ ಬೇಕು ಅನ್ನೋರು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬಹುದು. ನಾನಂತೂ ಕೇಳಬೇಕು ಅಂತೀನಿ.

ಕೊಡಗಿನ ಮಾತೂ ಎತ್ತುತ್ತಾರೆ. ಅಲ್ಲಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಅದನ್ನ 2029ರ ತನಕ ಮುಂದುವರಿಸಿದ್ದಾರೆ. ಅದು ಕೋವಿ ಇಟ್ಕೊಳ್ಳೋ ಹಕ್ಕು, ಬೇಟೆಯ ಹಕ್ಕಲ್ಲ. ಕೈಲ್‌ಪೊಳ್ದು ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ ತೆಂಗಿನಕಾಯಿಗೆ ಗುರಿ ಇಡ್ತಾರೆ. ಗುರಿ ಹೊಡೆಯೋ ಆಸೆ ಇರೋ ಹುಡುಗರಿಗೆ ಹೇಳ್ತೀನಿ, ತೆಂಗಿನಕಾಯಿ ಮೊಲಕ್ಕಿಂತ ಕಷ್ಟ. ಬೇಕಾದ್ರೆ ರೈಫಲ್ ಕ್ಲಬ್ ಸೇರಿ, ಅಲ್ಲಿ ಸದ್ದು ಮಾಡೋಕೂ ಪರ್ಮಿಷನ್ ಇರುತ್ತೆ.

ನಮ್ಮ ಬೆಳೆ ರಕ್ಷಣೆ ಕೋವಿಯ ಕೆಲಸ ಏನು ಅಂತ ಒಂದು ಸಲ ಯೋಚನೆ ಮಾಡಿ. ಅದು ಇರೋದೇ ಸದ್ದಿಗೆ. ಗಾಳಿಗೆ ಒಂದು ಈಡು ಬಿಟ್ಟರೆ ಹಂದಿ ಹಿಂಡು ಗುಡ್ಡ ಹತ್ತಬೇಕು, ಪಕ್ಕದ ಹೊಲದ ಅಟ್ಟಣೆಯಲ್ಲಿ ತೂಕಡಿಸ್ತಾ ಇರೋನು ಎದ್ದು ಕೂರಬೇಕು. ಸದ್ದಿಲ್ಲದ ಕೋವಿ ಅಂದ್ರೆ ಬಾಯಿಲ್ಲದ ನಾಯಿ.

ಆದ್ರೆ ಸದ್ದೂ ಹಳತಾಗುತ್ತೆ. ಒಂದೇ ಜಾಗದಿಂದ, ಒಂದೇ ಹೊತ್ತಿಗೆ, ಒಂದೇ ಸದ್ದು ಬರ್ತಾ ಇದ್ರೆ ಹಂದಿಗೆ ವಾರದೊಳಗೆ ಅಭ್ಯಾಸ ಆಗುತ್ತೆ. ಬ್ಯಾಟರಿ ಸ್ಪೀಕರಲ್ಲಿ ಹುಲಿ ಗರ್ಜನೆ ಹಾಕಿದ ನನ್ನ ಸ್ನೇಹಿತನ ಹೊಲದಲ್ಲಿ ಹತ್ತನೇ ದಿನ ಹಂದಿಗಳು ಸ್ಪೀಕರ್ ಪಕ್ಕದಲ್ಲೇ ಮೇಯ್ದು ಹೋಗಿದ್ವು. ಜಾಗ ಬದಲಾಯಿಸ್ತಾ ಇರಿ, ಸದ್ದಿನ ಜೊತೆ ಬೆಳಕು ಸೇರಿಸಿ, ಮುಖ್ಯವಾಗಿ ಸದ್ದಿನ ಹಿಂದೆ ಮನುಷ್ಯ ಬರಬೇಕು, ಅವನ ವಾಸನೆ, ಅವನ ಟಾರ್ಚು. ಅಟ್ಟಣೆ ಮೇಲೆ ನಾಲ್ಕು ಹೊಲದವರು ಸರದಿಯಲ್ಲಿ ಮಲಗೋದು ಹಳೇ ಪದ್ಧತಿ. ಈಗ ಅದೇ ನಿಂತುಹೋಗಿದೆ, ಯಾಕಂದ್ರೆ ಹುಡುಗರೆಲ್ಲ ಮೈಸೂರು, ಬೆಂಗಳೂರು ಸೇರಿದ್ದಾರೆ. ಅಟ್ಟಣೆಯಲ್ಲಿ ಕೂರೋರು ಅರವತ್ತು ದಾಟಿದವರು.

ಒಂದು ಎಚ್ಚರಿಕೆ. ಪಿವಿಸಿ ಪೈಪಲ್ಲಿ ಮಾಡೋ ಕಾರ್ಬೈಡ್ ಗನ್ ಬಗ್ಗೆ. ಕೋತಿ ಓಡಿಸೋಕೆ ಅಂತ ಸಂತೆಯಲ್ಲಿ ಮಾರ್ತಾರೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಮಕ್ಕಳು ಅದನ್ನ ಆಟಕ್ಕೆ ಬಳಸಿ, ಹೊತ್ಕೊಳ್ಳಲಿಲ್ಲ ಅಂತ ಪೈಪಿನೊಳಗೆ ಇಣುಕಿ ನೋಡಿ, ಎಷ್ಟೋ ಮಕ್ಕಳ ಕಣ್ಣು ಸುಟ್ಟವು, ಕೆಲವರ ದೃಷ್ಟಿಯೇ ಹೋಯ್ತು. ಮನೇಲಿ ಇದ್ರೆ ಮಕ್ಕಳ ಕೈಗೆ ಸಿಗೋ ಕಡೆ ಇಡಬೇಡಿ. ಇಲ್ಲದೇ ಇದ್ರೆ ತರಬೇಡಿ.

ಇಷ್ಟು ಹೊತ್ತು ಫಾರೆಸ್ಟ್‌ನವರ ಕಿವಿ, ಹಂದಿಯ ಕಿವಿ ಬಗ್ಗೆ ಮಾತಾಡಿದೆ. ಕೋವಿ ಹಿಡಿದವನ ಕಿವಿ ಬಗ್ಗೆ ಯಾರೂ ಕೇಳಲ್ಲ. ಸದ್ದು ಕಮ್ಮಿ ಮಾಡೋ ಪ್ರಶ್ನೆಗೆ ನಮ್ಮೂರಲ್ಲಿ ಕಾನೂನಿನೊಳಗೆ ಸಿಗೋ ಒಂದೇ ಉತ್ತರ ಇಲ್ಲಿದೆ.

140 ಡೆಸಿಬಲ್ ಮೇಲಿನ ಒಂದೇ ಒಂದು ಏಟು ಕಿವಿಗೆ ಕಾಯಂ ಪೆಟ್ಟು ಕೊಡಬಹುದು. ಒಳಗಿವಿಯಲ್ಲಿ ಸಣ್ಣ ಕೂದಲಿನಂಥ ಕೋಶಗಳಿವೆ, ಸದ್ದನ್ನ ಹಿಡಿಯೋದು ಅವೇ. ಸತ್ತರೆ ಮತ್ತೆ ಹುಟ್ಟಲ್ಲ. ಮೊದಲು ಹೋಗೋದು ಸಣ್ಣ ದನಿ: ಹಕ್ಕಿ ಕೂಗು, ಮೊಮ್ಮಗಳ ಮಾತು, 'ಸ', 'ತ' ಅನ್ನೋ ಅಕ್ಷರ. ಆಮೇಲೆ ರಾತ್ರಿಯೆಲ್ಲ ಗುಂಯ್ ಅನ್ನೋ ಸದ್ದು ಒಳಗೇ ಶುರುವಾಗುತ್ತೆ. ಬಲಗೈಯಲ್ಲಿ ಕುದುರೆ ಎಳೆಯೋರಿಗೆ ಎಡಗಿವಿ ನಳಿಗೆ ಬಾಯಿಗೆ ಹತ್ತಿರ ಇರುತ್ತೆ, ಬಲಗಿವಿಗೆ ತಲೆಯೇ ಮರೆ. ಅದಕ್ಕೇ ಎಡಗಿವಿ ಮೊದಲು ಹೋಗುತ್ತೆ. ನಮ್ಮೂರಲ್ಲಿ ಮೂವತ್ತು ವರ್ಷ ಹೊಲ ಕಾದ ಒಬ್ಬ ಅಜ್ಜನ ಹತ್ತಿರ ಮಾತಾಡೋಕೆ ಹೋದಾಗೆಲ್ಲ ಅವರು ತಲೆ ಓರೆ ಮಾಡಿ ಬಲಗಿವಿ ಕೊಡ್ತಾರೆ. "ಈ ಕಡಿಕ್ ಬಂದ್ ಮಾತಾಡು ಕೂಸು, ಆ ಕಡಿದು ಕೋವಿ ತಿನ್ಕಂಡದ." ಇದನ್ನ ಅವರು ನಗ್ತಾ ಹೇಳ್ತಾರೆ. ಅವರ ಮನೆಯವರು ನಗಲ್ಲ, ಯಾಕಂದ್ರೆ ರಾತ್ರಿ ಎಡಕ್ಕೆ ಆನೆ ಬಂದ್ರೂ ಅವರಿಗೆ ಗೊತ್ತಾಗಲ್ಲ. ಕಾವಲುಗಾರನಿಗೆ ಕಣ್ಣಿಗಿಂತ ಮುಂಚೆ ಬೇಕಾದದ್ದು ಕಿವಿ, ಅದನ್ನೇ ಕೋವಿ ತಿಂದುಹಾಕಿದೆ.

ಹತ್ತಿ ಇಟ್ಕೊಂಡ್ರೆ ಸಾಲದು, ಹತ್ತಿ ಸದ್ದು ತಡೆಯಲ್ಲ. ಮೆಡಿಕಲ್ ಸ್ಟೋರಲ್ಲಿ, ಆನ್‌ಲೈನಲ್ಲಿ ಫೋಮಿನ ಇಯರ್ ಪ್ಲಗ್ ಸಿಗ್ತವೆ, ಜೋಡಿಗೆ ಒಂದು ಟೀ-ಬನ್ನಿನ ದುಡ್ಡು. ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯ ಮೇಲ್ತುದಿ ಎಳೆದು, ಒಳಗೆ ಇಟ್ಟು ಅದು ಉಬ್ಬೋ ತನಕ ಒತ್ತಿ ಹಿಡೀಬೇಕು. ಸರಿಯಾಗಿ ಇಟ್ಟರೆ 20-30 ಡೆಸಿಬಲ್ ಕಮ್ಮಿ. ಆಗಲೇ ಹೇಳಿದ್ನಲ್ಲ, ಸೈಲೆನ್ಸರ್ ಮಾಡೋದೂ ಅಷ್ಟೇ ಅಂತ. ಈಡು ಬಿಡೋ ಮುಂಚೆ ಇಡಿ, ಬಿಟ್ಟ ಮೇಲೆ ತೆಗೆದು ಕಾವಲು ಕೂರಿ. ಪಕ್ಕದಲ್ಲಿ ಮಕ್ಕಳನ್ನ ನಿಲ್ಲಿಸ್ಕೋಬೇಡಿ, ದೊಡ್ಡವರಿಗಿಂತ ಅವರ ಕಿವಿ ಸೂಕ್ಷ್ಮ.

ಇನ್ನು ಪರಿಹಾರದ ವಿಷಯ. ಬೆಳೆ ಹಾಳಾದ ಬೆಳಿಗ್ಗೆ ಮೊದಲು ಸಿಟ್ಟು ಬರುತ್ತೆ, ಮೊಬೈಲು ಆಮೇಲೆ ನೆನಪಾಗುತ್ತೆ. ಸರದಿ ಬದಲಾಯಿಸಿ. ಹೆಜ್ಜೆ ಗುರುತು, ಮುರಿದ ಗಿಡ, ಹೊಲದ ಗಡಿ ಕಾಣೋ ಹಾಗೆ ಫೋಟೊ ತೆಗೀರಿ, ಉಳುಮೆ ಮಾಡಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ಅರ್ಜಿ ಇ-ಪರಿಹಾರ ಅನ್ನೋ ವ್ಯವಸ್ಥೆಯಲ್ಲಿ ಹೋಗುತ್ತೆ, ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ರೆಡಿ ಇಟ್ಕೊಳ್ಳಿ. ಬಂಡೀಪುರ, ನಾಗರಹೊಳೆ ಸುತ್ತಿನ ಊರುಗಳಲ್ಲಿ 2015ರಿಂದ ವೈಲ್ಡ್ ಸೇವೆ ಅನ್ನೋ ಯೋಜನೆಯವರು ಅರ್ಜಿ ತುಂಬೋಕೆ ಸಹಾಯ ಮಾಡ್ತಿದ್ದಾರೆ. ಬರೋ ದುಡ್ಡು ಹೋದ ಬೆಳೆಗೆ ಸಮ ಅಂತ ನಾನು ಹೇಳಲ್ಲ, ಸಮ ಅಲ್ಲ. ಆದ್ರೆ ಅರ್ಜಿ ಹಾಕದ ನಷ್ಟ ಸರ್ಕಾರದ ಲೆಕ್ಕದಲ್ಲಿ ಆಗೇ ಇಲ್ಲ. ನಮ್ಮ ಹೋಬಳಿಯಲ್ಲಿ ಹಂದಿ ಕಾಟ ಎಷ್ಟು ಅಂತ ನಾಳೆ ಯಾರಾದ್ರೂ ಲೆಕ್ಕ ತೆಗೆದ್ರೆ ಕಾಣೋದು ಈ ಅರ್ಜಿಗಳೇ. ವಯನಾಡಿನವರಿಗೆ ಸಿಕ್ಕ ಆರ್ಡರ್ ನಮಗೂ ಬೇಕು ಅನ್ನೋರು ಶುರು ಮಾಡಬೇಕಾದದ್ದು ಇಲ್ಲಿಂದ.

ವಾಯ್ಸ್ ನೋಟ್ ಕಳಿಸಿದ ಮೂವರಿಗೂ ಬೇರೆಬೇರೆಯಾಗಿ ಉತ್ತರ ಕಳಿಸಿದ್ದೆ. ಇಬ್ಬರು ನೋಡಿ ಸುಮ್ಮನಾದರು. ಮೂರನೆಯವನು ತಿರುಗಿ ಕೇಳಿದ, "ಅಣ್ಣ, ಇಯರ್ ಪ್ಲಗ್ ಎಲ್ಲಿ ಸಿಕ್ತದ? ನಮ್ಮಪ್ಪನಿಗೆ." ಲಿಂಕ್ ಕಳಿಸಿದ್ದೀನಿ. ನಿಮ್ಮ ಮನೇಲಿ, ನಿಮ್ಮ ಊರಲ್ಲಿ ಹೊಲ ಕಾಯ್ತಾ ಕಿವಿ ಕಳ್ಕೊಂಡವರು ಇದ್ರೆ ಅವರ ಮಾತನ್ನ ರೆಕಾರ್ಡ್ ಮಾಡಿ ಕಳಿಸಿ. ಬಲಗಿವಿ ಕಡೆ ಕೂತು ಕೇಳಿ.